ನಡುಕ ಇದ್ದ ಜಾಗ

ಲಾರಿ ಇನ್ನೂ ತಿರುವಿನ ಆಚೆಗಿರುವಾಗಲೇ ಮೇಸ್ತ್ರಿಗೆ ಅದು ಬರುವುದು ಕೇಳಿಸಿತು. ಇವತ್ತು ಕೇಳಿಸದಿರಲಿ ಎಂದು ಹಾಸಿಗೆಯಿಂದ ಏಳುವಾಗಲೇ ದೇವರಲ್ಲಿ ಬೇಡಿಕೊಂಡಿದ್ದ ಸದ್ದು ಅದು. ಮೂರನೆಯ ಗೇರಿನಲ್ಲಿ ಎಳೆಯುವಾಗ ಹೊಟ್ಟೆಯೊಳಗಿನಿಂದ ಬರುವ ಸಣ್ಣ ಅದುರಾಟ, ಗಂಟಲಿಗೆ ಕಫ ಕಟ್ಟಿದವನು ಮೆಲ್ಲಗೆ ಮಾತಾಡಿದ ಹಾಗೆ; ಕ್ಲಚ್ಚು ಒತ್ತಿದ ಗಳಿಗೆಯಲ್ಲಿ ಅಳಿಸಿಹೋಗಿ, ಬಿಟ್ಟೊಡನೆ ಮತ್ತೆ ಬಂದು ಸೇರಿಕೊಳ್ಳುತ್ತಿತ್ತು. ಸ್ಪ್ಯಾನರು ಒರೆಸುತ್ತಿದ್ದವನು ಒರೆಸುತ್ತಲೇ ಇದ್ದ. ಅದು ಶುಚಿಯಾಗಿ ಆಗಲೇ ಹೊತ್ತಾಗಿತ್ತು. ಇದು ನಾಲ್ಕನೆಯ ಸಲ. ಒಂದೇ ದೂರು ಹೊತ್ತು ಲಾರಿ ಎರಡು ಸಲ ಬಂದರೆ ಅದು ಲಾರಿಯ ಹಣೆಬರಹ, ಮೂರು ಸಲ ಬಂದರೆ ಮೇಸ್ತ್ರಿಯ ಹಣೆಬರಹ ಎಂದು ಅವನೇ ಬೇರೆ ಷೆಡ್ಡಿನವರನ್ನು ಕುರಿತು ನಗಾಡಿದ್ದುಂಟು. ನಾಲ್ಕನೆಯ ಸಲಕ್ಕೆ ಏನನ್ನಬೇಕು ಎಂದು ಆಗ ಯೋಚಿಸಿರಲಿಲ್ಲ.

ಎಲ್ಲರೂ ಅವನನ್ನು ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಮೊಳದುದ್ದದ ಒಂದು ಉಕ್ಕಿನ ಸರಳು ಇತ್ತು ಅವನ ಬಳಿ, ಒಂದು ತುದಿಗೆ ಮರದ ಗುಂಡು. ಓಡುತ್ತಿರುವ ಎಂಜಿನ್ನಿನ ಮೈಗೆ ಸರಳಿನ ಮೊನೆಯನ್ನಿಟ್ಟು, ಗುಂಡನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿ ನಿಂತನೆಂದರೆ ಷೆಡ್ಡಿನಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಇಲ್ಲಿ ಎಂದು ಬೆರಳಿಟ್ಟರೆ ಅಲ್ಲೇ ಬಿಚ್ಚಬೇಕು. ಬಿಚ್ಚಿದರೆ ರೋಗ ಅಲ್ಲೇ ಸಿಗುತ್ತಿತ್ತು. ಈ ವಿದ್ಯೆ ಬಂದದ್ದು ಎಂಜಿನ್ನುಗಳಿಂದಲ್ಲ. ಅವನ ಅಪ್ಪ ದಿನವೂ ಬೆಳಗಾಗುವ ಮುಂಚೆ ಗಟ್ಟಿಯಾಗಿ ಪದ್ಯ ಓದುತ್ತಿದ್ದ, ಯಾರಾದರೂ ಕೇಳಲಿ ಎಂದಲ್ಲ, ದೇವರು ಕೇಳಲಿ ಎಂದು. ಕಂಬಳಿಯೊಳಗೆ ಮುದುರಿಕೊಂಡಿದ್ದ ಮಗನಿಗೆ ಅರ್ಥ ತಿಳಿಯುವುದಕ್ಕೆ ಎಷ್ಟೋ ವರ್ಷ ಮೊದಲೇ ನಡಿಗೆ ತಿಳಿದಿತ್ತು. ಒಂದು ಮಾತ್ರೆ ಜಾರಿದರೆ ಸಾಲು ಕುಂಟುವುದು ಎದೆಗೆ ತಾಗುತ್ತಿತ್ತು. ಸಂಜೆ ಅಪ್ಪನ ಮುಂದೆ ಕೂತು ಒಪ್ಪಿಸುವಾಗ ಮರೆತ ಸಾಲನ್ನು ಹಾರಿಸಿ ಮುಂದಿನದಕ್ಕೆ ಹೋದರೆ ಅಪ್ಪ ಬೈಯುತ್ತಿರಲಿಲ್ಲ. ತಾಳ ಹಾಕುತ್ತಿದ್ದ ಕೈಯನ್ನು ತೊಡೆಯ ಮೇಲೆ ನಿಲ್ಲಿಸಿ ಸುಮ್ಮನಾಗಿಬಿಡುತ್ತಿದ್ದ. ಮಗ ತಾನಾಗಿ ತಪ್ಪಿದ ಜಾಗಕ್ಕೆ ಮರಳಿ ಹೋಗುವ ತನಕ ಆ ಕೈ ಏಳುತ್ತಿರಲಿಲ್ಲ. ಈಗ, ಐವತ್ತಮೂರರ ವಯಸ್ಸಿನಲ್ಲಿ, ಗ್ರೀಸಿನ ವಾಸನೆಯ ನಡುವೆ ನಿಂತು, ಲಾರಿ ತಿರುವಿನಿಂದ ಈಚೆ ಬಂದು ಷೆಡ್ಡಿನತ್ತ ಮೂತಿ ತಿರುಗಿಸುವುದನ್ನು ನೋಡುತ್ತಿದ್ದವನಿಗೆ ಆ ನಿಂತ ಕೈಯೇ ಕಣ್ಣಿಗೆ ಕಟ್ಟಿತು.

ಲಾರಿಯ ಡ್ರೈವರನೇ ಅದರ ಒಡೆಯ. ಬಾಯಿ ಮುಚ್ಚಿದವನಲ್ಲವಾದ್ದರಿಂದ ಜನ ಅವನಿಗೆ ಹಾರ್ನು ಎಂದೇ ಹೆಸರಿಟ್ಟಿದ್ದರು. ಅವನು ಬಾಗಿಲಿನಿಂದ ಇಳಿಯುತ್ತಲೇ ಕೈ ಒದರಿಕೊಂಡ.

"ಬೆರಳೆಲ್ಲ ಜೋಮು ಹಿಡಿದಿದೆ ಮೇಸ್ತ್ರಿ. ಮನೇಲಿ ಅನ್ನ ಕಲಸೋವಾಗ್ಲೂ ಗೇರ್ ಲಿವರು ಹಿಡಿದ ಹಾಗೇ ಇರುತ್ತೆ. ನನ್ನ ಹೆಂಡತಿ ಕೇಳ್ತಾಳೆ, ಯಾವ ಗೇರಲ್ಲಿ ಉಣ್ತಿದ್ದೀರಿ ಅಂತ."

ಮೇಸ್ತ್ರಿ ನಗಲು ಪ್ರಯತ್ನಿಸಿದ. "ಶಾಫ್ಟು ತೋರಿಸ್ಕೊಂಡು ಬಂದ್ಯಾ?"

ಹಾರ್ನು ಕೂಡಲೇ ಉತ್ತರ ಕೊಡಲಿಲ್ಲ. ಅದೇ ವಿಚಿತ್ರವಾಗಿತ್ತು. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ, ಅತ್ತಿತ್ತ ನೋಡಿದ, ದನಿ ತಗ್ಗಿಸಿದ. "ದೊಡ್ಡ ಊರಿಗೆ ತಗೊಂಡು ಹೋಗಿ ಓಲಾಟ ಅಳೆಯೋ ಮಿಷನ್ನಿಗೆ ಹಾಕ್ಸಿದೆ. ಅಲ್ಲಿಯವನು ಅರ್ಧ ಗಂಟೆ ತಿರುಗಿಸಿದ. ಆಮೇಲೆ ನನ್ನ ಮುಖ ನೋಡಿ, ಇದರಲ್ಲಿ ಏನೂ ಇಲ್ಲವಲ್ಲಪ್ಪಾ, ಕತ್ತರಿಸಿ ಬೆಸೆದವನು ಯಾರು, ಕೈ ಬಹಳ ಚೆನ್ನಾಗಿದೆ ಅಂದ. ನಾನು ಸುಮ್ನೆ ವಾಪಸು ತಂದು ಹಾಕಿಸಿಕೊಂಡೆ. ಅದೇ ಶಾಫ್ಟು, ಅದೇ ನಡುಕ." ಕಾಗದವನ್ನು ಮೇಸ್ತ್ರಿಯ ಅಂಗೈಗೆ ಒತ್ತಿದ. "ನಾನು ಎಲ್ಲೂ ಬಾಯಿ ಬಿಟ್ಟಿಲ್ಲ ಮೇಸ್ತ್ರಿ. ನಿಮ್ಮ ಮಾತು ಹೋಗುತ್ತಲ್ಲ, ಅದಕ್ಕೆ."

ಬೈದಿದ್ದರೆ ಸುಲಭವಿತ್ತು. ಬಾಯಿಗೆ ಬೀಗವಿಲ್ಲದ ಮನುಷ್ಯ ತನಗೋಸ್ಕರ ಬಾಯಿ ಕಟ್ಟಿಕೊಂಡು ಬಂದಿದ್ದಾನೆ. ದಾರಿಯುದ್ದಕ್ಕೂ ಎಷ್ಟು ಹೋಟೆಲುಗಳಲ್ಲಿ, ಎಷ್ಟು ಜನರ ಎದುರಿಗೆ ತಡೆದುಕೊಂಡನೋ. ಮೇಸ್ತ್ರಿ ಕಾಗದವನ್ನು ಬಿಚ್ಚಲಿಲ್ಲ. ಅದರಲ್ಲಿ ಏನು ಬರೆದಿದೆಯೆಂದು ಅವನಿಗೆ ಐದು ವಾರದಿಂದ ಗೊತ್ತಿತ್ತು.

ಈ ಲಾರಿಯ ಹಳೆಯ ಎಂಜಿನ್ನು ಸಿಡಿದುಹೋಗಿ, ಗುಜರಿಯಿಂದ ತಂದ ಬೇರೊಂದು ಎಂಜಿನ್ನನ್ನು ಕೂರಿಸಿದ್ದು ಅವನೇ. ಹೊಸದು ಎರಡು ಬೆರಳು ಉದ್ದ. ಗೇರ್‌ಬಾಕ್ಸು ಅಷ್ಟು ಹಿಂದಕ್ಕೆ ಸರಿದದ್ದರಿಂದ, ಅಲ್ಲಿಂದ ಹಿಂದಿನ ಚಕ್ರಗಳಿಗೆ ತಿರುಗುವಿಕೆಯನ್ನು ಒಯ್ಯುವ ಉದ್ದನೆಯ ಶಾಫ್ಟನ್ನು ಅಷ್ಟು ಕತ್ತರಿಸಿ ಬೆಸೆಯಬೇಕಾಯಿತು. ಅದನ್ನು ಮಾಡಿದ್ದು ಎದುರಿನ ಲೇತ್ ಅಂಗಡಿಯ ಭಾವ, ಅಕ್ಕನ ಗಂಡ. ಮೊದಲ ಸಲ ಹಾರ್ನು ನಡುಕ ಎಂದು ಬಂದಾಗ ಮೇಸ್ತ್ರಿ ಒಬ್ಬನೇ ಲಾರಿ ಹತ್ತಿ ಏರಿನ ರಸ್ತೆಗೆ ಹೋಗಿದ್ದ. ನಲವತ್ತರ ವೇಗದಲ್ಲಿ ಎಳೆಯುವಾಗ ನಡುಗಿತು. ಅದೇ ವೇಗದಲ್ಲಿ ಗೇರು ಬಿಡಿಸಿ ಇಳಿಜಾರಿನಲ್ಲಿ ಸುಮ್ಮನೆ ಉರುಳಲು ಬಿಟ್ಟ. ಚಕ್ರ ಅಷ್ಟೇ ತಿರುಗುತ್ತಿತ್ತು, ಶಾಫ್ಟು ಅಷ್ಟೇ ತಿರುಗುತ್ತಿತ್ತು, ಲಾರಿ ಮಾತ್ರ ಕೊಳದ ನೀರಿನ ಹಾಗೆ ಸುಮ್ಮನಿತ್ತು. ಶಾಫ್ಟಿನದಾಗಿದ್ದರೆ ಆಗಲೂ ನಡುಗಬೇಕಿತ್ತು. ಮುಂದಿನದು ಉಳಿಯಿತು: ಎಂಜಿನ್ನು ಗೇರ್‌ಬಾಕ್ಸು ಸೇರುವ ಜಾಗ. ಆ ಜಾಗದ ಸುದ್ದಿ ಮಾತ್ರ ಬೇಡವಾಗಿತ್ತು ಅವನಿಗೆ. ಇಳಿಜಾರಿನ ಕೊನೆಯಲ್ಲಿ ಲಾರಿ ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಆಮೇಲೆ ಷೆಡ್ಡಿಗೆ ಬಂದು ಶಾಫ್ಟಿನ ಕೀಲುಗಳಲ್ಲಿರುವ ಕ್ರಾಸುಗಳನ್ನು ಬದಲಾಯಿಸಿದ. ಎರಡನೆಯ ಸಲಕ್ಕೆ ನಡುವಿನ ಬೇರಿಂಗು. ಭಾವನ ರಸಮಟ್ಟವನ್ನೇ ತಂದು ಎಂಜಿನ್ನಿನ ಇಳಿಜಾರನ್ನೂ ಹಿಂದಿನ ಚಕ್ರಗಳ ನಡುವಿನ ಗೇರುಗುಂಡಿನ ಇಳಿಜಾರನ್ನೂ ಅಳೆದ. ಎರಡೂ ಹೊಂದಿಕೊಂಡಿದ್ದವು, ಹೊಂದಿಕೊಂಡಿರುತ್ತವೆಂದು ಗೊತ್ತಿದ್ದೇ ಅಳೆದ. "ಗೇರು ಬಿಡಿಸಿದ್ರೆ ಸುಮ್ನಾಗುತ್ತಲ್ಲ ಮೇಸ್ತ್ರಿ?" ಎಂದು ಹಾರ್ನು ಒಮ್ಮೆ ಕೇಳಿಯೂ ಕೇಳಿದ್ದ. "ಎಳೆತ ಇದ್ದಾಗ ಶಾಫ್ಟು ತಿರುಚಿಕೊಳ್ಳುತ್ತಪ್ಪ, ಆಗ ಅದರ ದೋಷ ಕಾಣುತ್ತೆ" ಎಂದು ಇವನು ಹೇಳಿದ. ಹಾರ್ನು ತಲೆಯಾಡಿಸಿದ. ಕಿವಿ ಮೇಸ್ತ್ರಿ ಹೇಳಿದ ಮೇಲೆ ಮುಗಿಯಿತು.

ಮೂರನೆಯ ಸಲ ಬಂದಾಗ ಷೆಡ್ಡಿನ ಮುಂದೆ ಐದಾರು ಜನ ಇದ್ದರು. ಭಾವನೂ ರಸ್ತೆ ದಾಟಿ ಬಂದು ನಿಂತಿದ್ದ, ಬಲಗೈಯನ್ನು ಎಡಗಂಕುಳಿಗೆ ಸಿಕ್ಕಿಸಿಕೊಂಡು. ಒಂದು ವರ್ಷದಿಂದ ಆ ಕೈ ನಡುಗುತ್ತಿತ್ತು. ಟೀ ಲೋಟ ಹಿಡಿದರೆ ತಟ್ಟೆಗೆ ತುಳುಕುತ್ತಿತ್ತು. ಕಬ್ಬಿಣದ ಮೇಲಿಟ್ಟ ಕೂಡಲೇ ನಿಲ್ಲುತ್ತೆ, ಲೋಟದ ಮೇಲೆ ಮಾತ್ರ ಸಿಟ್ಟು ಅದಕ್ಕೆ ಎಂದು ಭಾವ ತಮಾಷೆ ಮಾಡುತ್ತಿದ್ದ. ಎಲ್ಲರೂ ನಗುತ್ತಿದ್ದರು, ನಕ್ಕು ಆ ಕೈಯನ್ನೇ ನೋಡುತ್ತಿದ್ದರು. ಮೇಸ್ತ್ರಿ ಅವತ್ತು ಸರಳನ್ನು ಶಾಫ್ಟಿನ ಬದಿಯ ಬೇರಿಂಗಿಗೆ ಆನಿಸಿ, ಕಣ್ಣು ಮುಚ್ಚಿ, ತಲೆ ಎತ್ತಿ ಹೇಳಿದ: "ಬೆಸುಗೆ ಓರೆ ಆಗಿದೆ. ಕೈ ತಪ್ಪಿದೆ." ಅಷ್ಟೇ ಮಾತು. ಆರು ಜನರ ಕಣ್ಣುಗಳು ಒಟ್ಟಿಗೆ ಭಾವನ ಕಂಕುಳಿಗೆ ಹೋದವು. "ಹೌದಾ" ಎಂದ ಭಾವ. ರಸ್ತೆ ದಾಟಿ ಹೋದ. ಅಂದಿನಿಂದ ಅವನ ಅಂಗಡಿಗೆ ಶಾಫ್ಟುಗಳು ಬರುವುದು ನಿಂತವು. ಅಂದಿನಿಂದ ಎರಡು ಮನೆಗಳ ನಡುವೆ ಮಾತೂ ನಿಂತಿತು.

"ಗೇರ್‌ಬಾಕ್ಸು ಇಳಿಸೋಣ" ಎಂದ ಮೇಸ್ತ್ರಿ.

ಹಾರ್ನು ಬಾಯಿ ತೆರೆದು, ಮುಚ್ಚಿ, "ನೀವು ಹೇಳಿದ ಹಾಗೆ" ಎಂದ.

ಭಾರ ಎತ್ತುವ ಚೈನ್ ಪುಲ್ಲಿಯನ್ನು ಕ್ಯಾಬಿನ್ನಿನ ಮೇಲಿನ ತೊಲೆಗೆ ಸಿಕ್ಕಿಸಿ, ಸರಪಣಿಯನ್ನು ಗೇರ್‌ಬಾಕ್ಸಿನ ಸೊಂಟಕ್ಕೆ ಸುತ್ತಿದರು. ಷೆಡ್ಡಿನ ಹಳೆಯ ಆಳು ಕೆಳಗಿನಿಂದ ಹಿಡಿದುಕೊಂಡ. ನಲವತ್ತೈದರ ಗಟ್ಟಿ ಆಸಾಮಿ, ಜ್ಯಾಕ್ ಎಂದು ಅವನಿಗೆ ಹೆಸರು, ಇಪ್ಪತ್ತು ವರ್ಷದಲ್ಲಿ ಇಪ್ಪತ್ತು ಮಾತಾಡಿದವನು. ಶಾಫ್ಟು ಕಳಚಿ, ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸುತ್ತಿರುವಾಗ ಷೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು. ಲಾರಿಯಡಿಯಿಂದ ಮೇಸ್ತ್ರಿಗೆ ಕಂಡದ್ದು ಬರೀ ಪಾದ. ಎಡಗಾಲಿನ ಹೆಬ್ಬೆರಳ ಉಗುರು ಚಿಕ್ಕಂದಿನಲ್ಲೇ ಒಡೆದದ್ದು. ಅಕ್ಕ.

"ಚೈನ್ ಪುಲ್ಲಿ ಬೇಕಿತ್ತು" ಎಂದಳು, ಲಾರಿಯನ್ನು ಉದ್ದೇಶಿಸಿ ಎಂಬಂತೆ.

ಅವನು ಬೆನ್ನ ಮೇಲೆ ತೆವಳುತ್ತ ಹೊರಬಂದ. ಎದ್ದು ನಿಲ್ಲಲು ಹೊತ್ತು ಹಿಡಿಯಿತು. "ಯಾಕಕ್ಕಾ?"

"ಲೇತ್ ಎತ್ತಬೇಕಂತೆ. ತಗೊಳ್ಳೋರು ನಾಲ್ಕು ಗಂಟೆಗೆ ಟೆಂಪೋ ತರ್ತಾರೆ. ನಿಂದು ಮುಗಿದ ಮೇಲೆ ಕೊಡು."

"ಲೇತ್... ಮಾರ್ತಿದ್ದಾರಾ?"

"ಇನ್ನೇನು ಪೂಜೆ ಮಾಡ್ತಾರಾ?" ಅಕ್ಕನ ದನಿ ಒಡೆಯಲಿಲ್ಲ, ಒಡೆಯದಂತೆ ಬಿಗಿಹಿಡಿದದ್ದು ಅವನ ಕಿವಿಗೆ ಮಾತ್ರ ಕೇಳಿಸಿತು. "ಬೆಳಿಗ್ಗೆಯಿಂದ ನೆಲದ ನಟ್ಟು ಬಿಚ್ಚಿದ್ದಾರೆ, ಒಬ್ಬರೇ. ನಾನು ಹೇಳಿದೆ, ಅವನು ಏನೋ ಅಂದ ಅಂತ ಮೂವತ್ತು ವರ್ಷದ ಕಸುಬು ಬಿಡ್ತೀರಾ, ಅವನು ನನ್ನ ತಮ್ಮನೇ ಇರಬಹುದು, ದೇವರೇನಲ್ಲವಲ್ಲ ಅಂತ. ಅದಕ್ಕವರು ಏನಂದ್ರು ಗೊತ್ತಾ? ಅವನ ಕಿವಿ ಸುಳ್ಳು ಹೇಳಲ್ಲ ಕಣೇ, ನನ್ನ ಕೈಯೇ ನನಗೆ ಸುಳ್ಳು ಹೇಳ್ತಿತ್ತು ಅಂದ್ರು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರು ಎನ್ನುವ ಹಾಗೆ. "ನಾಲ್ಕು ಗಂಟೆಗೆ. ಮರೀಬೇಡ."

ಅವನು ಮತ್ತೆ ಲಾರಿಯಡಿಗೆ ಹೋದ. ಅಲ್ಲಿ ಕತ್ತಲೆ ಒಳ್ಳೆಯದಿತ್ತು. ಭಾವ ಸಿಟ್ಟಿನಿಂದ ದೂರವಾಗಿದ್ದಾನೆ ಎಂದು ಇಷ್ಟು ದಿನ ನಂಬಿಕೊಂಡಿದ್ದ. ಸಿಟ್ಟು ಒಂದು ದಿನ ತಣಿಯುತ್ತದೆ, ಯಾವುದಾದರೂ ಮದುವೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತಾಗ ಉಪ್ಪು ದಾಟಿಸುತ್ತಾನೆ, ಅಲ್ಲಿಗೆ ಮುಗಿಯುತ್ತದೆ. ಭಾವನಿಗೆ ಸಿಟ್ಟೇ ಇರಲಿಲ್ಲ. ನಂಬಿದ್ದ. ತನ್ನ ಕೈಗಿಂತ ಇವನ ಕಿವಿಯನ್ನು ನಂಬಿ, ಒಬ್ಬನೇ ಕೂತು ನಟ್ಟು ಬಿಚ್ಚಿದ್ದ.

ಕೊನೆಯ ಬೋಲ್ಟು ಬಂತು. ಜ್ಯಾಕ್ ಸರಪಣಿ ಎಳೆದ. ಗೇರ್‌ಬಾಕ್ಸು ನಿಟ್ಟುಸಿರಿಟ್ಟ ಹಾಗೆ ಎಂಜಿನ್ನಿನಿಂದ ಬಿಟ್ಟುಕೊಂಡು ಹಿಂದಕ್ಕೆ ತೂಗಿತು. ಮೇಸ್ತ್ರಿ ಟಾರ್ಚು ಹಾಯಿಸಿದ. ನೋಡಬೇಕಾದದ್ದೇನೂ ಹೊಸದಿರಲಿಲ್ಲ. ಎಂಜಿನ್ನಿನ ಮುಖದ ಮೇಲೆ, ಎಡಕ್ಕೊಂದು ಬಲಕ್ಕೊಂದು, ಎರಡು ಖಾಲಿ ತೂತು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕಿರುಬೆರಳ ಗಾತ್ರದ ಎರಡು ಪಿನ್ನು ಇರಬೇಕು. ಬೋಲ್ಟು ಎಷ್ಟೇ ಬಿಗಿಯಾದರೂ ಅದರದು ಹಿಡಿದುಕೊಳ್ಳುವ ಕೆಲಸ ಮಾತ್ರ. ಎರಡರ ನಟ್ಟನಡುವನ್ನು ಒಂದೇ ಗೆರೆಗೆ ತರುವುದು ಪಿನ್ನು. ಅವಿಲ್ಲದೆ ಕೂರಿಸಿದರೆ ಕಣ್ಣಿಗೆ ಕಾಣದಷ್ಟು, ಒಂದು ಕೂದಲಷ್ಟು ಪಕ್ಕಕ್ಕೆ ಕೂರುತ್ತದೆ, ಆ ಕೂದಲು ನಿಮಿಷಕ್ಕೆ ಎರಡು ಸಾವಿರ ಸಲ ತಿರುಗುತ್ತದೆ.

ಹಳೆಯ ಪಿನ್ನುಗಳು ಹಳೆಯ ಎಂಜಿನ್ನಿನಲ್ಲೇ ತುಕ್ಕು ಹಿಡಿದು, ಕೀಳಲು ಹೋದಾಗ ಮುರಿದಿದ್ದವು. ಹೊಸದನ್ನು ಭಾವನೇ ಲೇತಿನಲ್ಲಿ ತೆಗೆದುಕೊಟ್ಟಿದ್ದ. ಆ ಸಂಜೆ ಎದುರಿನ ಬಾಗಿಲಲ್ಲಿ ನಿಂತು ಮೇಸ್ತ್ರಿ ನೋಡಿದ್ದ: ಭಾವ ಒಂದೊಂದು ಪಿನ್ನನ್ನೂ ಮೂರು ಸಲ ಅಳೆದ, ಅಳತೆಯ ಕೊಂಡಿ ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು. ನೋಡಲಾರದೆ ಮುಖ ತಿರುಗಿಸಿದ್ದ ಇವನು. ಆಮೇಲೆ ಕೂರಿಸುವಾಗ ಎಡದ ತೂತಿಗೆ ಒಂದು ಪಿನ್ನು ಸಲೀಸಾಗಿ ಇಳಿಯಿತು. ಬಲದ್ದು ಅರ್ಧಕ್ಕೆ ನಿಂತಿತು. ಸುತ್ತಿಗೆಯಿಂದ ಎರಡು ತಟ್ಟಿದ, ಓರೆಯಾಯಿತು, ತೆಗೆದ. ಪಾಪ, ಕೈ ಅಷ್ಟೇ ಇನ್ನು, ಎಂದುಕೊಂಡ. ಹೋಗಿ ಹೇಳಿದರೆ ನೊಂದುಕೊಳ್ಳುತ್ತಾನೆ. ಒಂದರಿಂದ ಪ್ರಯೋಜನವಿಲ್ಲವೆಂದು ಎರಡನ್ನೂ ತೆಗೆದು ಒಂದು ಡಬ್ಬಿಗೆ ಹಾಕಿ ಗೂಡಿನಲ್ಲಿಟ್ಟ, ಬೋಲ್ಟು ಬಿಗಿದ. ದೊಡ್ಡ ಉಪಕಾರ ಮಾಡಿದವನ ಹಾಗೆ ಆ ದಿನ ಹಗುರಾಗಿ ಮನೆಗೆ ಹೋಗಿದ್ದು ನೆನಪಿದೆ. ಮಾರನೆಯ ಬೆಳಿಗ್ಗೆ ಹಾರ್ನಿನ ಎದುರಿಗೆ, ಜ್ಯಾಕಿನ ಎದುರಿಗೆ, ಭಾವ ಬಂದು ಕೇಳಿಬಿಟ್ಟ: "ಪಿನ್ನು ಕೂತ್ಕೊಂಡ್ವೇನಯ್ಯಾ?" ಇವನಿಗೆ ಏಕೋ ಮುಖ ಬಿಸಿಯಾಯಿತು. "ಕೂರದೆ ಎಲ್ಲಿಗೆ ಹೋಗ್ತವೆ? ನನಗೆ ಹೇಳಿಕೊಡೋಕೆ ಬಂದ್ರಾ?" ಎಂದ. ಒಂದು ಸುಳ್ಳನ್ನು ಅಷ್ಟು ಜೋರಾಗಿ ಹೇಳಿದ ಮೇಲೆ ಅದನ್ನು ಬಿಚ್ಚುವುದಕ್ಕೆ ಯಾವ ಸ್ಪ್ಯಾನರೂ ಹೊಂದುವುದಿಲ್ಲ.

ಡಬ್ಬಿ ಗೂಡಿನಲ್ಲೇ ಇತ್ತು. ಪಿನ್ನುಗಳು ಎಣ್ಣೆಯಲ್ಲಿ ಮಿಂದು ಹೊಳೆಯುತ್ತಿದ್ದವು. ಭಾವನ ಕೈ ತಪ್ಪಿತ್ತು ಎಂಬುದನ್ನಾದರೂ ಕಣ್ಣಾರೆ ನೋಡಬೇಕೆಂಬ ಆಸೆ ಅವನಲ್ಲಿ ಹುಟ್ಟಿತು. ಅಷ್ಟಾದರೂ ನಿಜವಾದರೆ ತಾನು ಪೂರ್ತಿ ಪಾಪಿಯಲ್ಲ. ಹಾರ್ನನ್ನು ಊಟಕ್ಕೆ ಕಳಿಸಿ, ಅಳತೆಯ ಕೊಂಡಿ ತಂದು ಅಳೆದ. ಒಂದು ಪಿನ್ನು. ಇನ್ನೊಂದು. ಮೂರು ಸಲ. ಕಡ್ಡಿ ಗೀಚಿದಷ್ಟೂ ವ್ಯತ್ಯಾಸವಿಲ್ಲ. ಎರಡೂ ಒಂದೇ ತಾಯಿ ಹೆತ್ತ ಅವಳಿಗಳ ಹಾಗೆ. ಆಗ ಟಾರ್ಚನ್ನು ಬಲದ ತೂತಿನೊಳಕ್ಕೆ ಹಿಡಿದ. ಒಳಗೆ, ಅರ್ಧದಲ್ಲಿ, ಕಂದುಬಣ್ಣದ ಒಂದು ಉಂಗುರ. ಗುಜರಿಯ ಎಂಜಿನ್ನು, ಎಷ್ಟು ಮಳೆಗಾಲ ಬಯಲಿನಲ್ಲಿ ಬಿದ್ದಿತ್ತೋ. ತುಕ್ಕು. ತುಕ್ಕು ಉಜ್ಜುವ ಎಮರಿ ಹಾಳೆಯ ಒಂದು ಚೂರನ್ನು ಕಡ್ಡಿಗೆ ಸುತ್ತಿ ಹತ್ತು ಸುತ್ತು ತಿರುಗಿಸಿದ. ಕೆಂಪು ಹುಡಿ ಅಂಗೈಗೆ ಉದುರಿತು. ಊದಿದ. ಪಿನ್ನನ್ನು ತೂತಿನ ಬಾಯಿಗಿಟ್ಟು ಹೆಬ್ಬೆರಳಿನಿಂದ ಒತ್ತಿದ.

ಅದು ಇಳಿಯಿತು. ಸುತ್ತಿಗೆಯಿಲ್ಲದೆ, ಒಳಗಿನ ಗಾಳಿಯನ್ನು ಸಣ್ಣಗೆ ಹೊರದೂಡುತ್ತ, ಅದು ತನ್ನ ತಳಕ್ಕೆ ಹೋಗಿ ಕೂತಿತು. ಅಪ್ಪ ಒಂದು ಸಾಲನ್ನು ಮುಗಿಸಿ ಉಸಿರು ತೆಗೆದುಕೊಳ್ಳುವ ಮುಂಚಿನ ಸದ್ದು.

ಜ್ಯಾಕ್ ಪಕ್ಕದಲ್ಲೇ ಇದ್ದ, ನೋಡುತ್ತಿದ್ದ. "ಇದಾ?" ಎಂದ.

"ಇದು" ಎಂದ ಮೇಸ್ತ್ರಿ. ಜ್ಯಾಕ್ ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಗೋಡೆಯ ಗಡಿಯಾರದಲ್ಲಿ ಮೂರೂವರೆ. ಈಗಲೂ ಒಂದು ದಾರಿ ಇತ್ತು, ಅವನ ಮನಸ್ಸು ಅದನ್ನು ಆಗಲೇ ಹುಡುಕಿ ಇಟ್ಟುಕೊಂಡಿತ್ತು: ಎರಡೂ ಪಿನ್ನು ಹಾಕಿ, ಗೇರ್‌ಬಾಕ್ಸು ಕೂರಿಸಿ, ಹಾರ್ನಿಗೆ ಇನ್ನೇನೋ ಒಂದು ಹೇಳಿ ಕಳಿಸುವುದು. ಲಾರಿ ಸರಿಹೋಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಚೈನ್ ಪುಲ್ಲಿ ಬಿಡುವಾಗುತ್ತದೆ, ಅದನ್ನು ಹೊತ್ತುಕೊಂಡು ರಸ್ತೆ ದಾಟಿ, ಭಾವನ ಲೇತಿಗೆ ತಾನೇ ಕಟ್ಟಿ, ತಾನೇ ಎತ್ತಿ ಕೊಡುವುದು. ಆ ಚಿತ್ರ ಕಣ್ಣಿಗೆ ಬಂದ ಕೂಡಲೇ ಇನ್ನೊಂದು ಬಂತು. ತೊಡೆಯ ಮೇಲೆ ನಿಂತ ಕೈ. ಅಪ್ಪ ಸತ್ತು ಇಪ್ಪತ್ತು ವರ್ಷವಾದರೂ ಆ ಕೈ ಇನ್ನೂ ಎದ್ದಿಲ್ಲ. ಎರಡನೆಯ ಪಿನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಬೆಂಚಿನ ಮೇಲೆ ಭಾವನ ರಸಮಟ್ಟ ಬಿದ್ದಿತ್ತು, ಅಳೆಯಲು ತಂದು ಮರಳಿಸದೆ ಇಟ್ಟುಕೊಂಡದ್ದು. ಬರಿಗೈಯಲ್ಲಿ ಹೋಗಲು ಧೈರ್ಯ ಸಾಲದೆ ಅದನ್ನೂ ತೆಗೆದುಕೊಂಡ.

ಲೇತ್ ಅಂಗಡಿಯ ಮುಂದೆ ಟೆಂಪೋ ಆಗಲೇ ಬಂದಿತ್ತು. ಕೊಳ್ಳುವವನು, ಕನ್ನಡಕ ಹಾಕಿದ ದಪ್ಪನೆಯ ಮನುಷ್ಯ, ಲೇತನ್ನು ಕುದುರೆ ನೋಡುವ ಹಾಗೆ ಸುತ್ತು ಬಂದು ನೋಡುತ್ತಿದ್ದ. ನೆಲದ ನಾಲ್ಕು ನಟ್ಟೂ ಒಂದು ತಟ್ಟೆಯಲ್ಲಿದ್ದವು. ಅಕ್ಕ ಮೂಲೆಯಲ್ಲಿ ಕಬ್ಬಿಣದ ಸುರುಳಿ ಸಿಪ್ಪೆಗಳನ್ನು ಗುಡಿಸುತ್ತಿದ್ದಳು. ಭಾವ ಸ್ಟೂಲಿನ ಮೇಲೆ ಕೂತಿದ್ದ, ಬಲಗೈ ಕಂಕುಳಲ್ಲಿ.

"ಬಂದ್ಯಾ" ಎಂದ. "ಪುಲ್ಲಿ ಎಲ್ಲಿ?"

"ಭಾವ, ಒಂದ್ನಿಮಿಷ ಹೊರಗೆ ಬನ್ನಿ."

"ಇಲ್ಲೇ ಹೇಳು. ಅವತ್ತೂ ಎಲ್ಲರ ಮುಂದೇನೇ ಹೇಳಿದ್ದೆಯಲ್ಲ."

ಅದರಲ್ಲಿ ಕುಟುಕು ಇರಲಿಲ್ಲ. ನೆನಪಿಸುವ ದನಿ ಅಷ್ಟೇ. ಅಕ್ಕನ ಪೊರಕೆ ನಿಂತಿತು. ಮೇಸ್ತ್ರಿ ಮುಷ್ಟಿ ಬಿಚ್ಚಿದ. ಅಂಗೈಯ ತುಕ್ಕಿನ ಹುಡಿಯ ನಡುವೆ ಪಿನ್ನು ಹೊಳೆಯಿತು. ಭಾವ ಅದನ್ನು ನೋಡಿದ, ಜಾತ್ರೆಯಲ್ಲಿ ಕಳೆದ ತನ್ನ ಮಗುವನ್ನು ಯಾರದೋ ಮನೆಯಲ್ಲಿ ಕಂಡವನ ಹಾಗೆ.

"ಇದು ಎಂಜಿನ್ನೊಳಗೆ ಇರಬೇಕಾದ್ದು."

"ಹಾಕಿರಲಿಲ್ಲ ಭಾವ. ಎರಡೂ ಹಾಕಿರಲಿಲ್ಲ. ಒಂದು ಬಿಗಿ ಬಂತು. ನಿಮ್ಮ ಕೈ ತಪ್ಪಿದೆ ಅಂದ್ಕೊಂಡು ತೆಗೆದಿಟ್ಟೆ. ಕೇಳಿದಾಗ ಹಾಕಿದೀನಿ ಅಂದೆ. ನಡುಕ ಅಲ್ಲಿಂದಲೇ. ಶಾಫ್ಟಿನದ್ದಲ್ಲ. ಶಾಫ್ಟಿನದ್ದಲ್ಲ ಅಂತ ನನಗೆ ಮೊದಲ ದಿನವೇ ಗೊತ್ತಿತ್ತು." ಉಸಿರು ಎಳೆದುಕೊಂಡ. ಇನ್ನೂ ಒಂದು ಉಳಿದಿತ್ತು. "ಈಗ ನೋಡಿದೆ. ತೂತಿನೊಳಗೆ ತುಕ್ಕಿತ್ತು. ಪಿನ್ನು ಸರಿಯಾಗೇ ಇತ್ತು."

ಕೊಳ್ಳುವವನು ಕನ್ನಡಕ ತೆಗೆದು ಅಂಗಿಯಿಂದ ಒರೆಸತೊಡಗಿದ. ಬೇರೆಯವರ ಮನೆಯ ಬಚ್ಚಲ ಬಾಗಿಲು ತಪ್ಪಿ ತೆರೆದವನ ಮುಖ ಅವನದಾಗಿತ್ತು. ಅಕ್ಕ ತಮ್ಮನನ್ನೇ ನೋಡುತ್ತಿದ್ದಳು. ಆ ನೋಟವನ್ನು ಅವನು ಚಿಕ್ಕಂದಿನಿಂದ ಬಲ್ಲ, ಅದರ ಎದುರಿಗೆ ಎಂದೂ ತಲೆ ಎತ್ತಿದವನಲ್ಲ. ಭಾವ ಕಂಕುಳಿನಿಂದ ಕೈ ತೆಗೆದ. ಅದು ಗಾಳಿಯಲ್ಲಿ ನಡುಗುತ್ತ ಬಂದು ಪಿನ್ನನ್ನು ಎತ್ತಿಕೊಂಡಿತು.

"ನಡುಗೋ ಕೈ ನಂದು" ಎಂದ ಭಾವ. "ನಡುಗದೆ ಹೇಳಿದ ಬಾಯಿ ನಿಂದು." ಸ್ಟೂಲಿನಿಂದ ಎದ್ದ. "ನಡಿ. ನಾನೇ ಹಾಕ್ತೀನಿ."

ಅರವತ್ತು ದಾಟಿದ ಮನುಷ್ಯ ಲಾರಿಯಡಿಗೆ ಮಲಗಿ ತೆವಳಿಕೊಂಡು ಹೋದ. ಮೇಸ್ತ್ರಿ ಟಾರ್ಚು ಹಿಡಿದ. ಊಟ ಮುಗಿಸಿ ಬಂದಿದ್ದ ಹಾರ್ನು ಏನನ್ನೋ ಕೇಳಲು ಬಾಯಿ ತೆರೆದ. ಜ್ಯಾಕ್ ಅವನ ತೋಳು ಹಿಡಿದು ಸುಮ್ಮನಿರಿಸಿದ. ಪಿನ್ನು ತೂತಿನ ಸುತ್ತ ಎರಡು ಸಲ, ಮೂರು ಸಲ ಕಬ್ಬಿಣಕ್ಕೆ ತಾಗಿ ಟಿಕ್ಕು ಟಿಕ್ಕು ಎಂದಿತು. ಮೇಸ್ತ್ರಿ ಕೈ ನೀಡಲಿಲ್ಲ. ನೀಡಬೇಕೆಂಬ ಆಸೆಯೇ ಮೊದಲಿನ ಪಾಪ ಎಂದು ಈಗ ಅವನಿಗೆ ಕಾಣುತ್ತಿತ್ತು. ನಾಲ್ಕನೆಯ ಸಲಕ್ಕೆ ಮೊನೆ ತೂತಿನ ಅಂಚನ್ನು ಹಿಡಿಯಿತು, ಕಬ್ಬಿಣಕ್ಕೆ ಆನಿಕೊಂಡ ಕೈ ನಿಂತಿತು, ಪಿನ್ನು ಇಳಿದುಹೋಯಿತು.

ಗೇರ್‌ಬಾಕ್ಸು ಕೂರಿಸಿ ಮುಗಿಸುವಾಗ ಐದೂವರೆ. ಕೊಳ್ಳುವವನು ಎರಡು ಸಲ ಬಂದು ಪುಲ್ಲಿಯತ್ತ ನೋಡಿ ಹೋದ. ಅದು ಬಿಡುವಾದ ಮೇಲೂ ಯಾರೂ ಅದನ್ನು ಮುಟ್ಟಲಿಲ್ಲ. ಹಾರ್ನು ಲಾರಿ ನಡೆಸಿದ; ಪಕ್ಕದಲ್ಲಿ ಭಾವ, ಬಾಗಿಲ ಬದಿಗೆ ಮೇಸ್ತ್ರಿ. ಏರಿನ ರಸ್ತೆಯಲ್ಲಿ ಮೂರನೆಯ ಗೇರು. ಮೂವತ್ತು. ನಲವತ್ತು. ಕಿಟಕಿಯ ಗಾಜು ಸುಮ್ಮನಿತ್ತು, ಕನ್ನಡಿಯಲ್ಲಿ ಹಿಂದಿನ ರಸ್ತೆ ಬರೆದ ಚಿತ್ರದ ಹಾಗಿತ್ತು. ಹಾರ್ನಿನ ಕಣ್ಣು ಅರಳಿತು. "ಕೈ ಇಟ್ಟು ನೋಡಿ" ಎಂದು ಭಾವನಿಗೆ ಹೇಳಿ ತನ್ನ ಕೈ ತೆಗೆದ. ಭಾವ ಗೇರಿನ ಲಿವರಿನ ಮೇಲೆ ಬಲಗೈಯಿಟ್ಟ, ಹಿಡಿಯಲಿಲ್ಲ, ಮಲಗಿದ ಮಗುವಿನ ತಲೆಯ ಮೇಲೆ ಇಡುವ ಹಾಗೆ ತಾಗಿಯೂ ತಾಗದಂತೆ ಇಟ್ಟ. ಲಿವರು ಅಲುಗದೆ ನಿಂತಿತ್ತು. ಅದರ ಮೇಲೆ ಕೈ ನಡುಗುತ್ತಿತ್ತು. ಮೂವರೂ ಅದನ್ನೇ ನೋಡಿದರು. ಮುಚ್ಚಿಡಲು ಭಾವ ಪ್ರಯತ್ನಿಸಲಿಲ್ಲ.

"ಇಷ್ಟೇ ಉಳಿದಿದ್ದು" ಎಂದ, ಯಾರಿಗೂ ಅಲ್ಲ. "ಇದು ನಂದೇ."

ಮರಳಿ ಬಂದ ಮೇಲೆ ಭಾವ ಇಳಿದು, ಹಿಂದಿರುಗಿ ನೋಡದೆ ರಸ್ತೆ ದಾಟಿದ. ಪುಲ್ಲಿ ಬೇಕೆಂದು ಕೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಹಾರ್ನು ತನ್ನ ಸಂತೋಷಕ್ಕೆ ತಾನೇ ನಾಚಿಕೊಂಡವನ ಹಾಗೆ ಹೊರಟುಹೋದ, ಹೋಗುವಾಗ, "ಈಗ ಹೇಳಬಹುದಾ ಮೇಸ್ತ್ರಿ, ಎಲ್ಲರಿಗೂ?" ಎಂದು ಕೇಳಿದ. "ಹೇಳು" ಎಂದ ಮೇಸ್ತ್ರಿ. "ಜೋರಾಗೇ ಹೇಳು." ಸರಪಣಿಯನ್ನು ಕೈಯಲ್ಲಿ ಸುತ್ತಿಕೊಂಡು ತೊಲೆಯ ಕೆಳಗೆ ಕೂತ. ಎದುರಿನಿಂದ ಮಾತು ಕೇಳಿಸಿತು, ಕೊಳ್ಳುವವನದು ಎತ್ತರ, ಭಾವನದು ತಗ್ಗು. ಟೆಂಪೋ ಹೊರಟಿತು. ಭಾರ ಹೊತ್ತ ಟೆಂಪೋ ಹೊರಡುವ ಸದ್ದೇ ಬೇರೆ; ಇದರ ಹಿಂಬಾಗಿಲು ಗಲಗಲ ಎನ್ನುತ್ತಿತ್ತು. ಖಾಲಿ, ಎಂದಿತು ಅವನ ಕಿವಿ. ಆಮೇಲೆ ನಟ್ಟಿನ ಮೇಲೆ ಸ್ಪ್ಯಾನರು ಕಚ್ಚುವ ಸದ್ದು, ತಡೆ ತಡೆದು. ಬಿಗಿಯುತ್ತಿದ್ದಾರೆ, ಎಂದಿತು ಕಿವಿ. ಅವನು ಅದನ್ನು ನಂಬಲಿಲ್ಲ. ಎದ್ದ. ನೋಡಿಯೇ ಬರಬೇಕೆಂದು ರಸ್ತೆ ದಾಟಿದ.

ಲೇತ್ ಇದ್ದಲ್ಲೇ ಇತ್ತು. ಮೂರು ನಟ್ಟು ಬಿಗಿದಿದ್ದವು. ಅಕ್ಕ ಇರಲಿಲ್ಲ, ಒಳಗೆಲ್ಲೋ ಪಾತ್ರೆಯ ಸದ್ದಿತ್ತು. ಭಾವ ನೆಲದ ಮೇಲೆ ಕೂತು ನಾಲ್ಕನೆಯ ನಟ್ಟಿಗೆ ಸ್ಪ್ಯಾನರು ಹಿಡಿದಿದ್ದ. ಇವನನ್ನು ಕಂಡು, ಮಧ್ಯಾಹ್ನ ಇವನು ಮರಳಿಸಿದ್ದ ರಸಮಟ್ಟವನ್ನು ಕಣ್ಣಲ್ಲೇ ತೋರಿಸಿದ. ಮೇಸ್ತ್ರಿ ಅದನ್ನು ಲೇತಿನ ಹಾಸಿನ ಮೇಲೆ ಅಡ್ಡಲಾಗಿಟ್ಟು ಬಗ್ಗಿದ. ಗಾಜಿನೊಳಗೆ ಗುಳ್ಳೆ ತೇಲಿ, ತೂಗಿ, ಮೆಲ್ಲಗೆ ನಿಂತಿತು.

"ಎಲ್ಲಿದೆ?" ಎಂದು ಭಾವ ಕೇಳಿದ.

ನಡುವೆ ಎನ್ನಬಹುದಿತ್ತು. ಮೂರು ನಟ್ಟು ಬಿಗಿಯಲು ಆ ಕೈ ಎಷ್ಟು ಕಷ್ಟ ಪಟ್ಟಿತ್ತೋ; ನಡುವೆ ಎಂದರೆ ಯಾರ ಕಣ್ಣಿಗೂ ಅದು ನಡುವೆಯೇ. ಅವನ ನಾಲಿಗೆ ಆ ಮಾತಿನತ್ತ ಕರುಣೆಯಿಂದಲೇ ಹೊರಟಿತ್ತು. ತಡೆದ.

"ಒಂದು ಕೂದಲು ಎಡಕ್ಕೆ, ಭಾವ."

"ಸರಿಯಾಗಿ ನೋಡಿ ಹೇಳು."

ಮತ್ತೆ ನೋಡಿದ. "ಎಡಕ್ಕೇ ಇದೆ."

ಭಾವ ಸ್ಪ್ಯಾನರನ್ನು ನೆಲದ ಮೇಲೆ ಅವನ ಕಡೆಗೆ ಸರಿಸಿದ, ಸ್ವಲ್ಪ ಪಕ್ಕಕ್ಕೆ ಜರುಗಿ ಜಾಗ ಮಾಡಿಕೊಟ್ಟ.

"ಹಾಗಾದ್ರೆ ಬಿಚ್ಚು" ಎಂದ. "ಮೊದಲನೇದರಿಂದ."